ನಿದ್ದೆ ವಿಭಾಗದಲ್ಲೊಬ್ಬ ಕೊಲೆಗಾರ

ಗಂಡ: ಕೊಲೆಗಾರ ಕಣೇ ಅವನು, ಕೊಲೆಗಾರ. ಹಾಡಹಗಲೇ ಒಬ್ಬ ವಕೀಲನ್ನ ಮಾಳಿಗೆ ಮೇಲಿಂದ ತಳ್ಳಿ ಸಾಯಿಸಿದವನು. ಅಂಥವನನ್ನ ತಗೊಂಡು ಹೋಗಿ ಜೋಗುಳಗಳ ಪಕ್ಕದಲ್ಲಿ ಮಲಗಿಸಿದ್ದೀಯಲ್ಲ, ನಿನಗೆ ಮನಸ್ಸಾದ್ರೂ ಹೇಗೆ ಬಂತು?

ಹೆಂಡತಿ: ಕಿಟಕಿ ತೆಗೆದಿದೆ ರೀ. ಕೊಲೆ ಗಿಲೆ ಅಂತ ಕೇಳಿಸ್ಕೊಂಡು ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡಿಯಾರು.

ಗಂಡ: ಮಾಡ್ಲಿ. ಪೊಲೀಸರಾದ್ರೂ ಬಂದು ಅವನನ್ನ ಕೊಲೆಗಾರ ಅಂತ ಒಪ್ಕೊಳ್ಳಲಿ. ನೀನಂತೂ ಒಪ್ಪಲಿಲ್ಲ.

ಅತ್ತೆ: ಯಾರೋ ಅದು ವಕೀಲ? ನಮ್ಮ ಬೀದಿಯೋರಾ? ಯಾವಾಗ ಹೋದ್ರು?

ಗಂಡ: ಅಮ್ಮಾ, ಅದು ಕಥೆ. ನಾನು ಬರೆದ ಕಥೆ.

ಅತ್ತೆ: ಹಾಗಾದ್ರೆ ಸರಿ. ಸತ್ತೋರ ಮನೆಗೆ ಹೋಗಿ ಬರೋದು ತಪ್ಪಿತು.

ರಜಾ ದಿನದ ಬೆಳಗು. ಹೆಂಡತಿ ಅಡುಗೆಮನೆಯ ತೊಟ್ಟಿಯ ಮುಂದೆ ನಿಂತು ಗಾಜಿನ ಲೋಟಗಳನ್ನು ತೊಳೆಯುತ್ತಿದ್ದಳು. ಅತ್ತೆ ಮೇಜಿನ ಮೇಲೆ ಬಟಾಣಿ ಸುರಿದುಕೊಂಡು ಸುಲಿಯುತ್ತಿದ್ದರು. ಗಂಡ ಆಗಷ್ಟೇ ಕ್ಷೌರದಂಗಡಿಯಿಂದ ಅರ್ಧಕ್ಕೇ ಎದ್ದು ಬಂದಿದ್ದ. ಹಾಗಾಗಿ ಅವನ ಎಡಗಡೆಯ ಕೃತಾವು ಸಭ್ಯ ಗೃಹಸ್ಥನದಾಗಿತ್ತು, ಬಲಗಡೆಯದು ಕಳೆದ ತಿಂಗಳಿನದಾಗಿತ್ತು.

ಹೆಂಡತಿಯ ಕೆಲಸ ಏನೆಂದು ಹೇಳಿಬಿಡಬೇಕು. ಜನರ ಮೊಬೈಲಿಗೆ ಕಥೆ, ಹಾಡು, ಹರಟೆಗಳನ್ನು ಕಳಿಸಿಕೊಡುವ ಒಂದು ಕಂಪನಿಯಲ್ಲಿ ಕ್ಯಾಟಲಾಗ್ ನೋಡಿಕೊಳ್ಳುವುದು ಅವಳ ಪಾಲಿನ ಕೆಲಸ. ಯಾವ ಕಥೆ ಯಾವ ವಿಭಾಗಕ್ಕೆ ಹೋಗಬೇಕು, ಅದಕ್ಕೆ ಯಾವ ಚಿತ್ರ, ಎಷ್ಟುದ್ದದ ಹೆಸರು, ಯಾವ ವಯಸ್ಸಿನವರು ಕೇಳಬಹುದು, ಏನೆಂದು ಹುಡುಕಿದರೆ ಸಿಗಬೇಕು, ಎಲ್ಲವೂ ಅವಳದೇ ತೀರ್ಮಾನ. ಅಂಗಡಿಯಲ್ಲಿ ಸಾಮಾನು ಜೋಡಿಸಿಡುವ ಕೆಲಸವೇ. ಅಂಗಡಿ ಮಾತ್ರ ಜನರ ಅಂಗೈಯಲ್ಲಿರುತ್ತದೆ, ಅಷ್ಟೇ.

ಗಂಡ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳು ಬರುವುದನ್ನೂ ಹೋಗುವುದನ್ನೂ ಸಾರುವವನು. ಸಣ್ಣ ಉರಿಯಲ್ಲಿ ಕಾಯಿಸಿದ ಹಾಲಿನಂಥ ದನಿ. ಆ ದನಿ ಏರಿದ್ದನ್ನು ಕೇಳಿದವರಿಲ್ಲ. ಒಮ್ಮೆ ನಿಲ್ದಾಣದ ಕ್ಯಾಂಟೀನಿಗೆ ಬೆಂಕಿ ಬಿದ್ದಾಗ ಅವನು, “ಪ್ರಯಾಣಿಕರ ಗಮನಕ್ಕೆ, ಕ್ಯಾಂಟೀನಿನಲ್ಲಿ ಬೆಂಕಿ ಕಾಣಿಸಿಕೊಂಡಿದೆ, ದಯವಿಟ್ಟು ಸಹಕರಿಸಿ” ಎಂದು ಸಾರಿದ. ಜನ ಎದ್ದು ಹೋಗಿ ಕ್ಯಾಂಟೀನಿನ ಮುಂದೆ ಶಿಸ್ತಾಗಿ ಸಾಲು ನಿಂತರು. ಬಿಸಿಬಿಸಿ ಏನೋ ಸಿಗುತ್ತದೆ ಎಂದುಕೊಂಡರಂತೆ.

ಅಂದಿನಿಂದ ಅವನಿಗೆ ಒಂದೇ ಹಂಬಲ. ಸಾಯುವುದರೊಳಗೆ ಒಬ್ಬರನ್ನಾದರೂ ಹೆದರಿಸಬೇಕು. ಅದಕ್ಕೇ ಕೊಲೆಯ ಕಥೆಯೊಂದನ್ನು ತಾನೇ ಬರೆದು, ತಾನೇ ಓದಿ, ‘ಘೋರಕಂಠ’ ಎಂಬ ಹೆಸರಿನಲ್ಲಿ ಹೆಂಡತಿಯ ಕಂಪನಿಗೆ ಕಳಿಸಿದ. ಆಯ್ಕೆ ಮಾಡುವವರು ಬೇರೆ, ಅವರು ಒಪ್ಪಿಕೊಂಡರು. ಘೋರಕಂಠ ತನ್ನ ಗಂಡ ಎಂದು ಹೆಂಡತಿ ಆಫೀಸಿನಲ್ಲಿ ಬಾಯಿಬಿಡಲಿಲ್ಲ. ಕಥೆ ಮೊಬೈಲಿಗೆ ಬಂತು. ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಗಂಡ: ಕ್ಷೌರದವನು ಏನಂದ ಗೊತ್ತಾ? “ಸಾರ್, ಆ ಗೊರಕೆಕಂಠ ಅನ್ನೋರು ನೀವೇ ಅಂತಲ್ಲ?”

ಹೆಂಡತಿ: ಗೊರಕೆಕಂಠ!

ಗಂಡ: ನಗಬೇಡ. ಘೋರಕಂಠ ಅಂತ ತಿದ್ದಿದೆ. “ಯಾವುದಾದ್ರೂ ಇರ್ಲಿ ಸಾರ್, ನಿಮ್ಮ ಕಥೆ ಹಾಕಿದ್ರೆ ಸಾಕು, ಗಿರಾಕಿ ಕುರ್ಚಿಯಲ್ಲೇ ಮಲಗ್ತಾರೆ, ತಲೆ ಅಲ್ಲಾಡಲ್ಲ, ಕೆಲಸ ಸಲೀಸು” ಅಂದ. ಪಕ್ಕದ ಕುರ್ಚಿ ನೋಡ್ತೀನಿ, ಒಬ್ಬ ಅರ್ಧ ಮೀಸೆಯವನು ಬಾಯಿ ತೆಗೆದುಕೊಂಡು ಮಲಗಿದ್ದಾನೆ. ಗೋಡೆ ಮೇಲೆ ಫೋನು. ಫೋನಲ್ಲಿ ನಾನು. ಕೊಲೆ ಆಗ್ತಾ ಇದೆ. ಅವನು ಗೊರಕೆ ಹೊಡೀತಾ ಇದಾನೆ.

ಅತ್ತೆ: ಪಾಪ, ಸುಸ್ತಾಗಿತ್ತೇನೋ.

ಗಂಡ: ಆಮೇಲೆ ಫೋನ್ ತೆಗೆದು ನೋಡ್ತೀನಿ, ನನ್ನ ಕಥೆ ಭಯಾನಕ ವಿಭಾಗದಲ್ಲೇ ಇಲ್ಲ. ‘ನಿದ್ದೆ’ ವಿಭಾಗದಲ್ಲಿ ಇದೆ. ಒಂದು ಪಕ್ಕ ಜೋಗುಳ, ಇನ್ನೊಂದು ಪಕ್ಕ ‘ಹೊಳೆ ಹರಿಯುವ ಸದ್ದು’. ಇದು ಕಳೆದ ವಾರದ ಜಗಳಕ್ಕೆ ಸೇಡು ತಾನೇ?

ಹೆಂಡತಿ: ಯಾವ ಜಗಳ?

ಗಂಡ: ಪರದೆ ಜಗಳ. ನಾನು ಹಸಿರು ಅಂದೆ, ನೀನು ನೀಲಿ ಅಂದೆ.

ಹೆಂಡತಿ: ಆ ಜಗಳದಲ್ಲಿ ಗೆದ್ದಿದ್ದು ನಾನು. ಗೆದ್ದೋರು ಯಾಕ್ರೀ ಸೇಡು ತೀರಿಸ್ಕೋತಾರೆ?

ಅವನು ಕಿಟಕಿಯ ನೀಲಿ ಪರದೆಯ ಕಡೆ ನೋಡಿದ. ಬೇರೆ ಕಡೆಯಿಂದ ನುಗ್ಗಿದ.

ಗಂಡ: ವಿಭಾಗ ಹಾಳಾಗ್ಲಿ. ಹೆಸರಿಗೇನಾಗಿತ್ತು? ನಾನಿಟ್ಟ ಹೆಸರು ‘ರಕ್ತಪಿಪಾಸು ಮಾಳಿಗೆಯ ಮಹಾ ಮರಣ ರಹಸ್ಯ’. ಈಗ ನೋಡಿದ್ರೆ ‘ಮಾಳಿಗೆ ಮೇಲೆ’ ಅಂತ ಇದೆ. ಇದೇನು ಕಥೆನಾ, ಬಾಡಿಗೆ ಮನೆ ಜಾಹೀರಾತಾ?

ಹೆಂಡತಿ: ಮೂಗಿಗಿಂತ ಮೂಗುತಿ ಭಾರ ಆಗಿತ್ತು ರೀ. ಫೋನಿನ ಪರದೆ ಅಂಗೈಯಷ್ಟಗಲ. ಅದರಲ್ಲಿ ‘ರಕ್ತ’ ಅನ್ನೋವರೆಗೆ ಮಾತ್ರ ಕಾಣ್ತಿತ್ತು, ಮಿಕ್ಕಿದ್ದೆಲ್ಲ ಚುಕ್ಕಿ ಚುಕ್ಕಿ. ಒಬ್ಬರಂತೂ ರಕ್ತ ಪರೀಕ್ಷೆ ಎಲ್ಲಿ ಮಾಡ್ತೀರಿ, ಖಾಲಿ ಹೊಟ್ಟೆಯಲ್ಲಿ ಬರಬೇಕಾ ಅಂತ ಬರೆದು ಕೇಳಿದ್ರು.

ಅತ್ತೆ: ನೀನೇನು ಹೇಳಿದೆ?

ಹೆಂಡತಿ: ಊಟ ಮಾಡಿಯೇ ಕೇಳಿ, ಪರವಾಗಿಲ್ಲ ಅಂತ ಬರೆದೆ ಅತ್ತೆ.

ಗಂಡ: ಮತ್ತೆ ಆ ಚಿತ್ರ? ನಾನು ಕೊಡಲಿ ಹಾಕು ಅಂದಿದ್ದೆ. ರಕ್ತ ತೊಟ್ಟಿಕ್ಕೋ ಕೊಡಲಿ. ಈಗ ಒಂದು ಚಂದ್ರ, ಎರಡು ಮೋಡ. ಕೊಡಲಿ ಎಲ್ಲಿ?

ಹೆಂಡತಿ: ಮೋಡದ ಹಿಂದೆ ಇದೆ ಅಂದ್ಕೊಳ್ಳಿ.

ಗಂಡ: ತಮಾಷೆ ಮಾಡ್ಬೇಡ.

ಹೆಂಡತಿ: ನಿದ್ದೆ ವಿಭಾಗಕ್ಕೆ ಮಕ್ಕಳೂ ಬರ್ತಾರೆ. ಕೊಡಲಿ ಹಾಕಿದ್ರೆ ನನ್ನ ತಲೆ ಹೋಗುತ್ತೆ. ಅಲ್ಲದೆ, ನಿಮ್ಮ ಕಥೆಯಲ್ಲಿ ವಕೀಲನ್ನ ತಳ್ಳಿ ತಾನೇ ಸಾಯಿಸೋದು? ಅದರಲ್ಲಿ ಕೊಡಲಿ ಎಲ್ಲಿಂದ ಬಂತು?

ಗಂಡ: ಅದು ವಾತಾವರಣಕ್ಕೆ.

ಇಷ್ಟಾದರೂ ಅವನ ದನಿ ಒಂದು ಎಳೆಯಷ್ಟೂ ಏರಿರಲಿಲ್ಲ. ಸಿಟ್ಟಿನ ಮಾತುಗಳೆಲ್ಲ, ಯಾವುದೋ ಊರಿನ ಬಸ್ಸು ಸ್ವಲ್ಪ ತಡವಾಗಿ ಬರಲಿದೆ ಎಂಬ ಧಾಟಿಯಲ್ಲೇ ಹೊರಬರುತ್ತಿದ್ದವು. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಇದರಿಂದ ಬಹಳ ತೊಂದರೆಯಾಗಿತ್ತು. ಗಂಡ ಜಗಳವಾಡುತ್ತಿದ್ದಾನೋ, ಕಾಫಿ ಕೇಳುತ್ತಿದ್ದಾನೋ ತಿಳಿಯದೆ ಎರಡಕ್ಕೂ ಕಾಫಿಯನ್ನೇ ಕೊಡುತ್ತಿದ್ದಳು. ಈಗ ಮುಖ ನೋಡಿ ತಿಳಿದುಕೊಳ್ಳುವುದನ್ನು ಕಲಿತಿದ್ದಳು. ಇವತ್ತು ಮುಖ ನೋಡಿದಳು. ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು. ಲೋಟವನ್ನು ಕೆಳಗಿಟ್ಟಳು.

ಹೆಂಡತಿ: ನಿಜ ಹೇಳ್ಲಾ? ಬೇಜಾರು ಮಾಡ್ಕೋಬಾರದು.

ಗಂಡ: ಬೇಜಾರು ಆಗಿಹೋಗಿದೆ. ಹೇಳು.

ಹೆಂಡತಿ: ನಮ್ಮಲ್ಲಿ ಒಂದು ನಿಯಮ ಇದೆ. ಭಯಾನಕ ವಿಭಾಗದಲ್ಲಿ ಯಾವ ಕಥೇನ ಯಾರೂ ಕೊನೇ ತನಕ ಕೇಳಲ್ವೋ ಅದನ್ನ ತಿಂಗಳ ಕೊನೇಲಿ ಕ್ಯಾಟಲಾಗಿಂದ ಕಿತ್ತು ಹಾಕ್ತಾರೆ. ನಿಮ್ಮ ಕಥೇನ ಎಲ್ಲರೂ ಶುರು ಮಾಡೋರು. ಒಂದು ಅಧ್ಯಾಯ ಮುಗಿದ ಮೇಲೆ ಗುಂಡಿ ಒತ್ತಿದ್ರೇನೇ ಮುಂದಿನದು ಬರೋದು, ಮೊದಲನೇದು ದಾಟೋರು ಒಬ್ಬರೂ ಇಲ್ಲ. ಆದ್ರೆ ವಿಚಿತ್ರ ಏನು ಅಂದ್ರೆ, ಅದೇ ಜನ ಮಾರನೇ ದಿನ ಮತ್ತೆ ಬರೋರು. ಮತ್ತೆ ಮೊದಲಿಂದ ಶುರು ಮಾಡೋರು. ಮತ್ತೆ ಅಲ್ಲೇ ನಿಂತುಹೋಗೋರು. ಯೋಚನೆ ಮಾಡಿದೆ. ಇವರು ಕಥೆ ಕೇಳೋಕೆ ಬರ್ತಿಲ್ಲ, ಮಲಗೋಕೆ ಬರ್ತಿದ್ದಾರೆ ಅಂತ ಹೊಳೀತು. ಭಯಾನಕದಲ್ಲೇ ಬಿಟ್ಟಿದ್ರೆ ಈ ತಿಂಗಳು ನಿಮ್ಮ ಕೊಲೆಗಾರನೇ ಸಾಯ್ತಿದ್ದ. ಅವನ ಜೀವ ಉಳಿಸಿದೀನಿ ನಾನು.

ಗಂಡ: ಅಂದ್ರೆ ಯಾರೂ ಪೂರ್ತಿ ಕೇಳಿಲ್ಲ.

ಹೆಂಡತಿ: ನನಗೆ ಗೊತ್ತಿರೋ ಹಾಗೆ ಇಲ್ಲ.

ಗಂಡ: ನೀನು?

ಹೆಂಡತಿ: ನಾನಾ?

ಗಂಡ: ನೀನು ಪೂರ್ತಿ ಕೇಳಿದೀನಿ ಅಂದಿದ್ದೆ. ಮೈ ಜುಂ ಅಂತು ಅಂದಿದ್ದೆ. ಹೇಳು, ಕೊಲೆಗಾರ ಯಾರು?

ಹೆಂಡತಿ ಮತ್ತೆ ಲೋಟ ಕೈಗೆತ್ತಿಕೊಂಡಳು. ಆಗಲೇ ಹೊಳೆಯುತ್ತಿದ್ದ ಲೋಟವನ್ನು ಇನ್ನೊಮ್ಮೆ ಉಜ್ಜಿದಳು.

ಹೆಂಡತಿ: ಅದೇ... ಅಡುಗೆಯವನು ಅಲ್ವಾ?

ಗಂಡ: ಆ ಕಥೆಯಲ್ಲಿ ಅಡುಗೆಯವನೇ ಇಲ್ಲ!

ಹೆಂಡತಿ: ಅದಕ್ಕೇ ನನಗೆ ಅವನ ಮೇಲೆ ಅನುಮಾನ.

ಅತ್ತೆ: ನಾನು ಹೇಳ್ಲೇನೋ? ಆ ವಕೀಲನೇ ಇರಬೇಕು.

ಗಂಡ: ಅಮ್ಮಾ, ಸತ್ತಿದ್ದೇ ಅವನು!

ಅತ್ತೆ: ಸತ್ತ ಹಾಗೆ ನಾಟಕ ಆಡಿರ್ತಾನೆ. ವಕೀಲರನ್ನ ನಂಬೋಕಾಗಲ್ಲ.

ಗಂಡ ಕುರ್ಚಿಯ ಮೇಲೆ ಕುಸಿದು ಕೂತ. ಒಂದೇ ಮನೆಯಲ್ಲಿ ಎರಡು ಜೊತೆ ಕಿವಿ. ಒಂದೂ ಕಥೆಯ ಕೊನೆ ಮುಟ್ಟಿರಲಿಲ್ಲ.

ಗಂಡ: ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು. ಆದ್ರೂ ಎಲ್ಲರೂ ನಿಮ್ಮ ಹಾಗಲ್ಲ. ನಡುಗಿದೋರೂ ಇದಾರೆ. ಅಭಿಪ್ರಾಯಗಳನ್ನ ಓದು. ಎಲ್ಲರೂ ಐದು ನಕ್ಷತ್ರ ಕೊಟ್ಟಿದಾರೆ.

ಹೆಂಡತಿ: ಓದಿದೀನಿ. ಅದನ್ನ ಓದೋದೂ ನನ್ನ ಕೆಲಸಾನೇ. ‘ನಡುಗಿದ ನಾಗರಿಕ’ ಅಂತ ಒಬ್ಬರಿದ್ದಾರೆ. “ಮಾನ್ಯ ಕೇಳುಗರ ಗಮನಕ್ಕೆ. ಈ ಕಥೆಯನ್ನು ಕೇಳಿ ನಾನು ನಡುಗಿರುತ್ತೇನೆ. ಉಳಿದವರೂ ನಡುಗಿ ಸಹಕರಿಸಬೇಕಾಗಿ ವಿನಂತಿ.”

ಗಂಡ: ಯಾರೋ ವಿದ್ಯಾವಂತರು.

ಹೆಂಡತಿ: ಇನ್ನೊಬ್ಬರು ‘ಬೆವರಿದ ಬಡಗಿ’. “ದಯವಿಟ್ಟು ಗಮನಿಸಿ. ಬೆವರಿನಿಂದ ನನ್ನ ಉಳಿ ಕೈಯಿಂದ ಜಾರಿತು. ಉಂಟಾದ ಅನಾನುಕೂಲತೆಗೆ ವಿಷಾದಿಸುತ್ತೇವೆ.” ಏನ್ರೀ, ಈ ಬಡಗಿ ಬಿಡುವಿನ ವೇಳೆಯಲ್ಲಿ ಬಸ್ ನಿಲ್ದಾಣದ ಮೈಕ್ ಹಿಡೀತಾನಾ?

ಗಂಡ: ನನ್ನ ಮುಖ ಯಾಕೆ ನೋಡ್ತೀಯಾ?

ಹೆಂಡತಿ: ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ನಾನು ಲೋಟ ನೋಡ್ತಾ ಇದೀನಿ.

ಗಂಡ: ಸರಿ. ಆ ಎರಡು ನಾನೇ ಬರೆದೆ. ಸಮಾಧಾನ ಆಯ್ತಾ? ಆದ್ರೆ ಮೂರನೇದು ನಾನಲ್ಲ. ಅದು ಖಂಡಿತ ನೀನೇ, ಅಕ್ಕರೆಯಿಂದ ಬರೆದಿರೋದು ಅಂತ ಅಂದ್ಕೊಂಡಿದ್ದೆ.

ಹೆಂಡತಿ: ಯಾವ ಮೂರನೇದು? ನಾನು ಓದಿದಾಗ ಎರಡೇ ಇತ್ತು.

ಗಂಡ ಫೋನ್ ತೆಗೆದು ಓದಿದ.

ಗಂಡ: “ಈ ಹುಡುಗನನ್ನು ಚಿಕ್ಕಂದಿನಿಂದ ಬಲ್ಲೆ. ದನಿ ಬಂಗಾರ. ಹೆದರಿಕೆ ಆಯಿತು. ಬೆವರು ಬಂತು. ಆದರೆ ಹೊತ್ತಿಗೆ ಸರಿಯಾಗಿ ಊಟ ಮಾಡುವುದಿಲ್ಲ, ಅದೊಂದು ತಿದ್ದಿಕೊಂಡರೆ ದೊಡ್ಡ ಕಲಾವಿದನಾಗುತ್ತಾನೆ.”

ಅಡುಗೆಮನೆಯಲ್ಲಿ ಒಂದು ಗಳಿಗೆ ಬಟಾಣಿ ಸುಲಿಯುವ ಸದ್ದು ನಿಂತಿತು. ಗಂಡ ಹೆಂಡತಿ ಇಬ್ಬರೂ ತಿರುಗಿ ನೋಡಿದರು. ಅತ್ತೆ ಒಂದು ಸಿಪ್ಪೆಯೊಳಗೆ ಕಳೆದುಹೋದ ಏನನ್ನೋ ಹುಡುಕುತ್ತಿದ್ದರು.

ಗಂಡ: ಅಮ್ಮಾ?

ಅತ್ತೆ: ಹೆತ್ತೋಳು ಕಣೋ. ನಾಲ್ಕು ಒಳ್ಳೇ ಮಾತು ಬರೀಬಾರದಾ?

ಗಂಡ: ನೀನೂ ನಿದ್ದೆ ಮಾಡಿದೆ. ಆಮೇಲೆ ಬೆವರು ಬಂತು ಅಂತ ಬರೆದೆ.

ಅತ್ತೆ: ಬೆವರು ಬಂದಿದ್ದು ನಿಜಾನಪ್ಪ. ಕರೆಂಟ್ ಹೋಗಿತ್ತು.

ಆಗ ಹೆಂಡತಿಯ ಫೋನು ಮೇಜಿನ ಮೇಲೆ ಗುರುಗುಟ್ಟಿತು. ಅವಳ ಕೈ ತುಂಬ ಸಾಬೂನಿನ ನೊರೆ. ಬಗ್ಗಿ ನೋಡಿದಳು, ಮ್ಯಾನೇಜರ ಹೆಸರು. ರಜಾ ದಿನ ಅವರು ಕರೆ ಮಾಡಿದವರೇ ಅಲ್ಲ.

ಹೆಂಡತಿ: ಅತ್ತೆ, ಆ ಹಸಿರು ಗುಂಡಿ ಒತ್ತಿ. ಪಕ್ಕದ್ದೂ ಒತ್ತಿ, ಜೋರಾಗಿ ಕೇಳ್ಲಿ.

ಫೋನಿನಿಂದ ಮೊದಲು ಬಂದದ್ದು ಒಂದು ಹಸುಗೂಸಿನ ಅಳು. ಸಾಧಾರಣ ಅಳುವಲ್ಲ, ಮನೆ ಹಾರಿಹೋಗುವಂಥದ್ದು. ಅದರ ನಡುವೆ ಎಲ್ಲೋ ಮ್ಯಾನೇಜರು ಇದ್ದರು.

ಮ್ಯಾನೇಜರು: ಮೇಡಂ, ಕೇಳಿಸ್ತಾ ಇದೆಯಾ? ನನ್ನ ಹೆಂಡತಿ ಹೊರಗಡೆ ಹೋಗಿದಾರೆ, ಮಗುಗೆ ಹಲ್ಲು ಬರ್ತಾ ಇದೆ, ಕ್ಷಮಿಸಿ. ಒಂದು ಗಂಭೀರ ವಿಷಯ. ‘ಮಾಳಿಗೆ ಮೇಲೆ’ ಅಂತ ಒಂದು ಕಥೆ ಇದೆಯಲ್ಲ?

ಹೆಂಡತಿ: ಇದೆ ಸರ್.

ಮ್ಯಾನೇಜರು: ಅದಕ್ಕೆ ಐದು ನಕ್ಷತ್ರ ಕೊಟ್ಟವರೆಲ್ಲ ಒಂದೇ ಮನೆಯ ಇಂಟರ್ನೆಟ್ಟಿಂದ ಬರೆದಿದಾರೆ. ಆ ಮನೆ ಯಾವುದು ಅಂತ ನೋಡಿದ್ರೆ... ಮೇಡಂ, ಅದು ಆಫೀಸಿಗೆ ಬಾರದ ದಿನ ನೀವು ಕೆಲಸಕ್ಕೆ ಲಾಗಿನ್ ಆಗೋ ಮನೆ.

ಹೆಂಡತಿಯ ಕೈಯ ನೊರೆ ನೆಲಕ್ಕೆ ತೊಟ್ಟಿಕ್ಕಿತು.

ಮ್ಯಾನೇಜರು: ಬೇಲಿಯೇ ಎದ್ದು ಹೊಲ ಮೇಯ್ದ್ರೆ ಹೇಗೆ ಮೇಡಂ? ಕ್ಯಾಟಲಾಗ್ ನೋಡ್ಕೊಳ್ಳೋರೇ ಸುಳ್ಳು ಅಭಿಪ್ರಾಯ ಬರೆದ್ರೆ ನಮ್ಮನ್ನ ಯಾರು ನಂಬ್ತಾರೆ? ನನಗೆ ಬೇರೆ ದಾರಿ ಇಲ್ಲ. ನಾಳೆಯಿಂದ ಕ್ಯಾಟಲಾಗ್ ಬೇರೆಯವರಿಗೆ ಒಪ್ಪಿಸಬೇಕಾಗುತ್ತೆ.

ಹೆಂಡತಿ: ಸರ್, ನಾನು...

ನಾನು ಬರೆದಿಲ್ಲ ಎಂದರೆ ಗಂಡನ ಮಾನ ಹೋಗುತ್ತದೆ. ಬರೆದೆ ಎಂದರೆ ಕೆಲಸ ಹೋಗುತ್ತದೆ. ಅತ್ತೆ ಬರೆದರು ಎಂದರೆ ಈ ಮನೆಯಲ್ಲಿ ಇನ್ನು ಬಾಳುವುದು ಹೇಗೆ? ಕ್ಯಾಟಲಾಗಿನ ಒಂದೊಂದು ಹೆಸರನ್ನೂ ಒಂದೊಂದು ಚಿತ್ರವನ್ನೂ ಅವಳು ಕೈಯಾರೆ ಜೋಡಿಸಿದ್ದಳು. ಅದನ್ನು ನಾಳೆ ಇನ್ನೊಬ್ಬರ ಕೈಗೆ ಕೊಡಬೇಕು. ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಹೋದರೆ ಸಾಬೂನು.

ಗಂಡ ಎದ್ದು ನಿಂತ. ಅಂಗಿಯ ಗುಂಡಿ ಸರಿಮಾಡಿಕೊಂಡ. ಮೈಕಿನ ಮುಂದೆ ಕೂರುವ ಮೊದಲು ಅವನು ಹಾಗೆಯೇ ಮಾಡುತ್ತಿದ್ದ. ಫೋನನ್ನು ಎತ್ತಿ ಬಾಯಿಯ ಹತ್ತಿರ ಹಿಡಿದ.

ಗಂಡ: ಮಾನ್ಯ ಮ್ಯಾನೇಜರ ಗಮನಕ್ಕೆ. ಮಾತಾಡ್ತಾ ಇರೋದು ಮೇಡಂ ಅವರ ಗಂಡ. ‘ನಡುಗಿದ ನಾಗರಿಕ’ ಮತ್ತು ‘ಬೆವರಿದ ಬಡಗಿ’ ಇಬ್ಬರೂ ನಾನೇ.

ಅತ್ತೆ: ಮೂರನೇದು ನಾನು ಅಂತ ಹೇಳ್ಬೇಡ್ವೋ.

ಗಂಡ: ಮೂರನೆಯವರು ತಮ್ಮ ಹೆಸರು ಹೇಳಲು ಇಚ್ಛಿಸಿರುವುದಿಲ್ಲ. ಇದರಲ್ಲಿ ನನ್ನ ಹೆಂಡತಿಯ ತಪ್ಪು ಏನೇನೂ ಇಲ್ಲ. ಅವಳಿಗೆ ತಿಳಿಸದೆ, ಅವಳು ಆಫೀಸಿಗೆ ಹೋಗಿದ್ದಾಗ, ನಾನು ಹೀಗೆ ಮಾಡಿದೆ. ನನ್ನ ಕಥೇನ ಅವಳು ಒಂದು ದಿನವೂ ಪಟ್ಟಿಯ ಮೇಲಕ್ಕೆ ತಂದು ಕೂರಿಸಲಿಲ್ಲ. ನಾನಿಟ್ಟ ಹೆಸರು ಕತ್ತರಿಸಿದಳು. ನನ್ನ ಕೊಡಲಿ ತೆಗೆದಳು. ಭಯಾನಕದಿಂದ ಎತ್ತಿ ನಿದ್ದೆಗೆ ಹಾಕಿದಳು. ಗಂಡ ಅಂತ ಒಂದು ಚೂರೂ ದಾಕ್ಷಿಣ್ಯ ತೋರಿಸಿದವಳಲ್ಲ. ಅವಳಷ್ಟು ಪ್ರಾಮಾಣಿಕರು ನಿಮಗೆ ಸಿಗೋದಿಲ್ಲ. ನನ್ನ ಕಥೆ ತೆಗೆದುಹಾಕಿ. ಅವಳ ಕೆಲಸ ತೆಗೀಬೇಡಿ. ದಯವಿಟ್ಟು ಸಹಕರಿಸಿ.

ಹೆಂಡತಿ ಅವನನ್ನೇ ನೋಡುತ್ತ ನಿಂತಳು. ಪರದೆ ಹಸಿರೇ ಇರಬಹುದಿತ್ತು ಎಂದು ಅವಳಿಗೆ ಮೊದಲ ಬಾರಿ ಅನ್ನಿಸಿತು.

ಫೋನಿನ ಆ ಕಡೆಯಿಂದ ಉತ್ತರವಿಲ್ಲ. ಏನೂ ಇಲ್ಲ. ಅಳುವೂ ಇಲ್ಲ.

ಗಂಡ: ಹಲೋ?

ಮ್ಯಾನೇಜರು ಮಾತಾಡಿದರು. ಆದರೆ ಪಿಸುದನಿಯಲ್ಲಿ.

ಮ್ಯಾನೇಜರು: ನಿಲ್ಲಿಸಬೇಡಿ.

ಗಂಡ: ಏನು?

ಮ್ಯಾನೇಜರು: ಮಗು ಕಣ್ಣು ಮುಚ್ಚುತ್ತಾ ಇದೆ... ಮಾತಾಡ್ತಾ ಇರಿ... ಏನಾದ್ರೂ ಹೇಳಿ...

ಗಂಡ: ನಾನು ತಪ್ಪೊಪ್ಪಿಕೊಂಡು ಆಯ್ತಲ್ಲ ಸರ್.

ಮ್ಯಾನೇಜರು: ಇನ್ನೊಂದ್ಸಲ ಒಪ್ಪಿಕೊಳ್ಳಿ!

ಗಂಡ ಮೊದಲಿನಿಂದ ಇನ್ನೊಮ್ಮೆ ಒಪ್ಪಿಕೊಂಡ. ನಡುಗಿದ ನಾಗರಿಕನನ್ನೂ ಬೆವರಿದ ಬಡಗಿಯನ್ನೂ ನಿಧಾನವಾಗಿ, ಸ್ಪಷ್ಟವಾಗಿ ಸಾರಿದ. ಅದು ಮುಗಿದ ಮೇಲೆ, ಕೇಳದೇ ಇದ್ದರೂ, ಚಿಕ್ಕಂದಿನಲ್ಲಿ ಅಮ್ಮನ ಡಬ್ಬಿಯಿಂದ ಸಕ್ಕರೆ ಕದ್ದಿದ್ದನ್ನೂ ಒಪ್ಪಿಕೊಂಡ. “ಅದು ನೀನೇನೋ? ನಾನು ಇಷ್ಟು ವರ್ಷ ಇರುವೆಗಳನ್ನ ಬೈತಿದ್ದೆ” ಎಂದು ಅತ್ತೆ ಮೆಲ್ಲಗೆ ಹೇಳಿ ಆಕಳಿಸಿದರು. ಕೊನೆಗೆ ಫೋನಿನಿಂದ ಒಂದು ಉದ್ದನೆಯ ನಿಟ್ಟುಸಿರು ಕೇಳಿಸಿತು.

ಮ್ಯಾನೇಜರು: ಮಲಗಿತು. ಎದೆ ಮೇಲೇ ಮಲಗಿತು. ದೇವರೇ... ಸರ್, ನೀವು ಘೋರಕಂಠ ಅಲ್ವಾ? ಈ ದನಿ ನನಗೆ ಗೊತ್ತಾಗದೇ ಇರುತ್ತಾ? ನಮ್ಮ ಮನೇಲಿ ದಿನಾ ನಿಮ್ಮ ಮಾಳಿಗೇನೇ ಹಾಕೋದು. ಇವತ್ತು ಫೋನಿನಲ್ಲಿ ಮೇಡಂ ಹತ್ತಿರ ಮಾತಾಡ್ಬೇಕು ಅಂತ ನಿಲ್ಲಿಸಿದೆ ನೋಡಿ, ಅದಕ್ಕೇ ಇಷ್ಟು ರಂಪ.

ಹೆಂಡತಿ: ಸರ್, ನನ್ನ ಕೆಲಸ...

ಮ್ಯಾನೇಜರು: ನಿಮ್ಮ ಕೆಲಸಕ್ಕೇನೂ ಆಗಲ್ಲ ಮೇಡಂ. ಆ ಮೂರು ಅಭಿಪ್ರಾಯ ತೆಗೆದುಬಿಡಿ. ಇನ್ಮೇಲೆ ನಿಮ್ಮ ಯಜಮಾನರ ಕಥೇನ ನಿಮ್ಮ ಬದಲು ಬೇರೆಯವರು ನೋಡ್ಕೊಳ್ಳಲಿ, ಅಷ್ಟು ಸಾಕು. ಆದ್ರೆ ಸರ್, ನೀವು ಮಾತ್ರ ಓದೋದು ನಿಲ್ಲಿಸಬಾರದು. ನಮ್ಮ ನಿದ್ದೆ ವಿಭಾಗಕ್ಕೆ ನೀವೇ ಮುಖ್ಯ ದನಿ ಆಗಬೇಕು. ನಿಮ್ಮ ಹೆಸರು ದೊಡ್ಡದಾಗಿ ಹಾಕೋಣ.

ಹೆಂಡತಿಯ ಮುಖ ಅರಳಿತು. ಗಂಡನದು ಅರಳಲಿಲ್ಲ.

ಗಂಡ: ಕ್ಷಮಿಸಬೇಕು ಸರ್. ನನಗೆ ಮಲಗಿಸೋದು ಬೇಡ. ಬಸ್ಸು ತಪ್ಪಿಸ್ಕೊಂಡೋರನ್ನ ಸಮಾಧಾನ ಮಾಡಿ ಮಾಡಿ ಸಾಕಾಗಿದೆ. ನನಗೆ ಒಬ್ಬರನ್ನ ಹೆದರಿಸಬೇಕು.

ಹೆಂಡತಿ: ರೀ, ಒಪ್ಕೊಳ್ಳೀಂದ್ರೆ!

ಗಂಡ: ಇಲ್ಲ. ಒಬ್ಬರೇ ಒಬ್ಬರು ಹೆದರಿದ್ರೂ ಸಾಕಿತ್ತು. ಕೊಲೆಗಾರ ಯಾರು ಅಂತ ಇಡೀ ಊರಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲ.

ಮ್ಯಾನೇಜರು: ಗಡಿಯಾರ ರಿಪೇರಿಯವನು.

ಗಂಡ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಗಂಡ: ಏನಂದ್ರಿ?

ಮ್ಯಾನೇಜರು: ಗಡಿಯಾರ ರಿಪೇರಿಯವನೇ ಕೊಲೆಗಾರ. ಸರ್, ನಿಮ್ಮ ಕಥೆಗೆ ಮಗು ಮಲಗುತ್ತೆ, ನಿಜ. ಆದ್ರೆ ಮಗು ಎದೆ ಮೇಲಿದ್ರೆ ಅಪ್ಪ ಮಲಗೋ ಹಾಗಿಲ್ಲವಲ್ಲ? ಅಲ್ಲಾಡದೆ ಕೂತು, ಬೆರಳು ಮಾತ್ರ ಆಡಿಸಿ, ನಾನು ಕೊನೇ ತನಕ ಕೇಳಿದೆ. ಅವನು ಬೀರು ಹಿಂದಿಂದ ಬರ್ತಾನಲ್ಲ, ಕೈಯಲ್ಲಿ ಕೀಲಿಕೈ ಹಿಡ್ಕೊಂಡು, “ಸಮಯ ಆಯ್ತು” ಅಂತ ಅಷ್ಟು ಮೆತ್ತಗೆ ಹೇಳ್ತಾನಲ್ಲ... ನನಗೆ ರೋಮ ಎದ್ದು ನಿಂತುಬಿಟ್ಟಿತು. ಆಮೇಲೆ ಕೂತ ಕಡೆಯಿಂದ ಏಳೋಕೆ ಆಗ್ಲಿಲ್ಲ. ಹೆಂಡತೀನ ಕರೆದು, ನಮ್ಮ ಬೀರು ಹಿಂದೆ ಯಾರಾದ್ರೂ ಇದಾರಾ ಅಂತ ನೋಡಿಸಿದೆ. ನಾಚಿಕೆಗೇಡು, ಯಾರಿಗೂ ಹೇಳ್ಬೇಡಿ.

ಗಂಡನ ಮುಖದಲ್ಲಿ ಏನೋ ಏರುತ್ತಿರುವುದನ್ನು ಹೆಂಡತಿ ಕಂಡಳು. ಇಷ್ಟು ವರ್ಷ ಓದಿ ಪಳಗಿದ್ದ ಆ ಮುಖದಲ್ಲಿ ಇಂಥದ್ದನ್ನು ಅವಳು ಎಂದೂ ಓದಿರಲಿಲ್ಲ. ಕುತ್ತಿಗೆ ಉಬ್ಬಿತು. ಎದೆ ತುಂಬಿತು. ಏನಾಗಲಿದೆ ಎಂದು ಅವಳಿಗೆ ಹೊಳೆಯುವಷ್ಟರಲ್ಲಿ ಹೊತ್ತು ಮೀರಿತ್ತು.

ಗಂಡ: ನಿಜವಾಗ್ಲೂ ಹೆದರಿದ್ರಾಆಆಆ!

ಅದು ಗರ್ಜನೆ. ಬಸ್ ನಿಲ್ದಾಣದಲ್ಲಿ ಇಷ್ಟು ವರ್ಷ ಒಳಗೇ ನುಂಗಿಕೊಂಡಿದ್ದೆಲ್ಲ ಒಂದೇ ಉಸಿರಿಗೆ ಹೊರಬಂದಿತ್ತು. ಹೆಂಡತಿಯ ಕೈಯಿಂದ ಲೋಟ ಜಾರಿ ತೊಟ್ಟಿಯಲ್ಲಿ ಚೂರಾಯಿತು. ಅತ್ತೆ ಕೂತಲ್ಲೇ ಬೆಚ್ಚಿಬಿದ್ದರು, ಬಟಾಣಿಯೆಲ್ಲ ನೆಲದ ಮೇಲೆ ದಿಕ್ಕಾಪಾಲಾಗಿ ಉರುಳಿತು. ಬೀದಿಯಲ್ಲಿ ಯಾವುದೋ ನಾಯಿ ಕುಂಯ್ ಎಂದು ಓಡಿತು. ಫೋನಿನೊಳಗಿಂದ ಮೊದಲು “ಅಯ್ಯಯ್ಯೋ” ಎಂದು ಮ್ಯಾನೇಜರ ಚೀತ್ಕಾರ, ಅದರ ಬೆನ್ನಿಗೇ ಹಸುಗೂಸಿನ ಅಳು ಭೋರ್ಗರೆದು ಬಂತು.

ಗಂಡ ಸುತ್ತಲೂ ನೋಡಿದ. ಒಡೆದ ಲೋಟ, ಎದೆ ಹಿಡಿದುಕೊಂಡ ಹೆಂಡತಿ, ಬಾಯಿ ಬಿಟ್ಟು ಕೂತ ಅಮ್ಮ. ಅವನ ಮುಖದಲ್ಲಿ ಸಂತೃಪ್ತಿ ಹರಡಿತು. ಮತ್ತೆ ಮಾತಾಡಿದಾಗ ದನಿ ಹಾಲಿನಷ್ಟೇ ಮೆತ್ತಗಿತ್ತು.

ಗಂಡ: ಈಗ ಹೇಳು. ಈ ದನೀನ ಯಾವ ವಿಭಾಗಕ್ಕೆ ಹಾಕ್ತೀಯಾ?

ಹೆಂಡತಿ: ವಿಭಾಗ ಏನ್ರೀ ವಿಭಾಗ! ಇದಕ್ಕೆ ನನ್ನ ಕ್ಯಾಟಲಾಗಲ್ಲಿ ಇರೋದು ಒಂದೇ ಗುಂಡಿ. ‘ಅಳಿಸು’.

ಅತ್ತೆ: ಅದನ್ನ ಅವನು ಆಗ್ಲೇ ಒತ್ತಿದ್ದಾನೆ ಕಣಮ್ಮಾ. ಮಗು ಕೇಳಿಸ್ತಿಲ್ವಾ ನಿನಗೆ?